ಗಾಜಿನ ಕಪಾಟಿನ ಬೀಗ

ನಾನೊಂದು ಬೀಗ. ನಿಮ್ಮನ್ನು ನಾನು ನಂಬುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ನಾನು ಯಾರನ್ನೂ ನಂಬುವುದಿಲ್ಲ. ಅದೇ ನನ್ನ ಕಸುಬು. ಈ ಕಥೆ ಹೇಳುವಾಗಲೂ ನನ್ನ ಕಣ್ಣು ನಿಮ್ಮ ಕೈಯ ಮೇಲೇ ಇದೆ. ನನಗಿರುವುದು ಒಂದೇ ಕಣ್ಣು, ಕೀಲಿಕೈ ತೂರುವ ಕಂಡಿ. ಅಷ್ಟು ಸಾಕು, ಕಳ್ಳರನ್ನು ಕಾಣಲು ಎರಡು ಬೇಕಿಲ್ಲ.

ನಾನು ಹುಟ್ಟಿದ್ದು ದೂರದ ಅಲಿಗಢದಲ್ಲಿ. ಹಿತ್ತಾಳೆಯ ಮೈ, ಉಕ್ಕಿನ ಕೊಂಡಿ. ಹುಟ್ಟಿದ ದಿನವೇ ಒಬ್ಬ ಕೆಲಸಗಾರ ಗೊಂಚಲು ಕೀಲಿಕೈ ತಂದು ಒಂದೊಂದನ್ನೇ ನನ್ನೊಳಗೆ ತೂರಿಸಿ ತಿರುವಿದ. ಒಂದಕ್ಕೂ ನಾನು ಬಾಯಿ ಬಿಡಲಿಲ್ಲ. ನನ್ನದೇ ಕೀಲಿಕೈ ಬಂದಾಗ ಮಾತ್ರ ಟಕ್ಕನೆ ಬಿಟ್ಟೆ. ಅವನು ತಲೆಯಾಡಿಸಿ ಪೆಟ್ಟಿಗೆಗೆ ಹಾಕಿದ. ಅವತ್ತು ನಾನು ಕಲಿತ ಪಾಠ ಇಷ್ಟೇ: ಕೀಲಿಕೈ ಇದ್ದವನು ಒಡೆಯ, ಉಳಿದವರೆಲ್ಲ ಕಳ್ಳರು.

ನನ್ನನ್ನು ಕೊಂಡವರು ಕೃಷ್ಣಾ ನದಿಯ ಸೀಮೆಯ ಒಂದು ನೇಕಾರರ ಊರಿನ ಸೀರೆ ವ್ಯಾಪಾರಿ, ಚನ್ನಮಲ್ಲಪ್ಪ ಶೆಟ್ಟರು. ಅವರ ಅಂಗಡಿಯಲ್ಲಿ ಗಾಜಿನ ಬಾಗಿಲಿನ ಒಂದು ಮರದ ಕಪಾಟಿತ್ತು, ಒಳಗೆ ಮದುವೆಯ ರೇಷ್ಮೆ ಸೀರೆಗಳು. ಆ ಕಪಾಟಿಗೆ ನಾನು. ಆ ಊರಿನವರು ನನ್ನನ್ನು 'ಕೀಲಿ' ಎನ್ನುತ್ತಾರೆ. ಹೆಸರಿನಲ್ಲೇನಿದೆ, ಕೆಲಸ ಅದೇ. ಶೆಟ್ಟರು ಸಂಜೆ ನನ್ನನ್ನು ಹಾಕಿ ಜಗ್ಗಿ ನೋಡುವರು. ಅಂಗಡಿಯ ಹೊಸ್ತಿಲವರೆಗೆ ಹೋಗುವರು. ಏನೋ ನೆನಪಾದವರಂತೆ ತಿರುಗಿ ಬಂದು ಮತ್ತೊಮ್ಮೆ ಜಗ್ಗುವರು. "ಆ ಕೀಲಿಗೆ ಬಾಯಿ ಇದ್ದಿದ್ರ ನಿಮ್ಮನ್ನ ಬೈತಿತ್ತು ನೋಡ್ರಿ" ಎಂದು ಅವರ ಹೆಂಡತಿ ನಗುವರು. ನಾನೇಕೆ ಬೈಯಲಿ? ಆ ಎರಡನೆಯ ಜಗ್ಗಿಗಾಗಿಯೇ ನಾನು ದಿನವಿಡೀ ಕಾಯುತ್ತಿದ್ದೆ. ಅಂಥ ಒಡೆಯ ಸಿಗಲು ಪುಣ್ಯ ಮಾಡಿರಬೇಕು.

ಶೆಟ್ಟರಿಗೆ ವಯಸ್ಸಾಯಿತು. ಮಕ್ಕಳು ಅಂಗಡಿಯನ್ನು ಹೊಸದು ಮಾಡಿದರು. ಹಳೆಯ ಕಪಾಟನ್ನು, ಅದರ ಕೊರಳಲ್ಲಿದ್ದ ನನ್ನನ್ನೂ ಸೇರಿಸಿ, ಶೆಟ್ಟರು ತಾವು ಓದಿದ ಸರ್ಕಾರಿ ಶಾಲೆಗೆ ದಾನ ಕೊಟ್ಟರು. ಸೀರೆ ಇದ್ದ ಜಾಗದಲ್ಲಿ ಪುಸ್ತಕ ಬಂತು. ನನಗೋ ಅವಮಾನವಾದಂತಾಯಿತು. ಪುಸ್ತಕವನ್ನು ಯಾರು ಕದಿಯುತ್ತಾರೆ?

ನನ್ನ ಹೊಸ ಒಡೆಯರು ಗುಗ್ಗರಿ ಮಾಸ್ತರು. ಏಳನೆಯ ತರಗತಿಗೆ ಗಣಿತ ಹೇಳುವವರು, ಜೊತೆಗೆ ಗ್ರಂಥಾಲಯದ ಹೊಣೆ. ಒಂದು ಪುಸ್ತಕ ಕಳೆದರೂ ಮೇಲಿನವರಿಗೆ ತಾವೇ ಉತ್ತರ ಹೇಳಬೇಕೆಂಬ ಭಯ ಅವರಿಗೆ. ಹಾಗಾಗಿ ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು: ಪುಸ್ತಕ ಯಾರಿಗೂ ಕೊಡದಿದ್ದರೆ ಕಳೆಯುವುದೂ ಇಲ್ಲ. ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಮಾತ್ರ ಕಪಾಟು ತೆರೆದು, ಮಕ್ಕಳನ್ನು ಎದುರಿಗೆ ಕೂರಿಸಿ, ಒಂದೊಂದು ಪುಸ್ತಕ ಓದಿಸಿ, ಗಂಟೆ ಬಾರಿಸುವ ಮೊದಲೇ ಎಣಿಸಿ ಒಳಗಿಡುವರು. ಎಂಥ ಅಚ್ಚುಕಟ್ಟು! ಶೆಟ್ಟರ ನಂತರ ಇವರೇ ಸರಿ ಅಂದುಕೊಂಡೆ. ಒಂದೇ ಕೊರತೆ, ಕಪಾಟು ತೆರೆದ ಕೂಡಲೇ ನನ್ನನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅಲ್ಲಿ ಕರವಸ್ತ್ರ, ಸೀಮೆಸುಣ್ಣದ ಚೂರು, ಕತ್ತಲೆ. ಕಪಾಟು ತೆರೆದಿರುವಾಗ ಏನು ನಡೆಯುತ್ತದೆಂದು ನಾನು ಒಂದು ದಿನವೂ ಕಂಡವನಲ್ಲ.

ಆ ತರಗತಿಯಲ್ಲಿ ಮಹಾನಂದಾ ಎಂಬ ಹುಡುಗಿ ಇದ್ದಳು. ಎರಡು ಜಡೆ, ಕೆಂಪು ರಿಬ್ಬನ್. ತಾಯಿ ಕಸ್ತೂರೆವ್ವ ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ, ಅಂದರೆ ಲಾಳಿಯೊಳಗಿಡುವ ಸಣ್ಣ ಉರುಳೆ, ಸುತ್ತುವವಳು. ಶನಿವಾರಗಳಲ್ಲಿ ಆ ಹುಡುಗಿಯ ಕೈಗೆ 'ಬಾವಿಯಡಿಯ ಊರು' ಎಂಬ ಕಾದಂಬರಿಯ ಮೊದಲ ಭಾಗ ಬಿದ್ದಿತ್ತು. ಅಲ್ಲಿಂದ ಅವಳಿಗೆ ಹುಚ್ಚು ಹಿಡಿಯಿತು. ಊಟದ ಬಿಡುವಿನಲ್ಲಿ ಗೆಳತಿಯರನ್ನು ಕಪಾಟಿನ ಮುಂದೆ ಕೂರಿಸಿಕೊಂಡು ಕಥೆ ಹೇಳುವಳು. ಹೊನ್ನಿ ಎಂಬ ಹುಡುಗಿ ಹಾಳುಬಾವಿಯ ಮೆಟ್ಟಿಲಿಳಿದು ಹೋದರೆ ನೀರಿನ ಕೆಳಗೆ ಒಂದು ಊರಂತೆ. ಅಲ್ಲಿ ನದಿ ತಲೆಯ ಮೇಲೆ ಹರಿಯುತ್ತದಂತೆ, ಮೀನುಗಳು ಹಕ್ಕಿಯಂತೆ ಹೋಗುತ್ತವಂತೆ. ಹೇಳುತ್ತ ಹೇಳುತ್ತ ಅವಳು ಮೇಲೆ ನೋಡುವಳು, ಉಳಿದವರೂ ತಾರಸಿ ನೋಡುವರು. ನಾನೂ ಒಮ್ಮೆ ನೋಡಿದೆ. ಜೇಡ ಇತ್ತು.

"ಮತ್ತ ಆ ಊರಾಗ ಬಾಗಲಕ್ಕ ಕೀಲಿನ ಇಲ್ಲ" ಎಂದಳು ಒಂದು ದಿನ. ನನ್ನ ಮೈ ಉರಿದುಹೋಯಿತು. "ಬಾಗಲಾ ಮುಂದ ನಿಂತು ಒಂದು ಖರೇ ಮಾತು ಹೇಳಬೇಕು. ನಮ್ಮ ಬಗ್ಗೆನ, ಯಾರಿಗೂ ಹೇಳಲಾರದ್ದು. ಆವಾಗ ಅದ ತಗೀತೈತಿ." ಕೇಳಿದಿರಾ? ಬೀಗವಿಲ್ಲದ ಊರು! ಇಂಥದ್ದನ್ನು ಬರೆದವರಿಗೆ ಏನೆನ್ನಬೇಕು? ಇದನ್ನು ಓದಿ ಕಣ್ಣರಳಿಸುವ ಹುಡುಗಿಯನ್ನು ನಂಬುವುದು ಹೇಗೆ? ಅವತ್ತಿನಿಂದ ನಾನು ಅವಳ ಕೈಯಿಂದ ಕಣ್ಣು ತೆಗೆಯಲಿಲ್ಲ.

ಮೊದಲ ಭಾಗ ಮುಗಿಯುವಾಗ ಹೊನ್ನಿ ಒಂದು ದೊಡ್ಡ ಬಾಗಿಲಿನ ಮುಂದೆ ನಿಂತಿರುತ್ತಾಳೆ. ಎರಡನೆಯ ಭಾಗ ಹಸಿರು ರಟ್ಟಿನದು, ಗಾಜಿನಾಚೆ ಮೂರನೆಯ ಅರೆಯಲ್ಲಿ ಎದ್ದು ಕಾಣುತ್ತಿತ್ತು. ಅಷ್ಟರಲ್ಲಿ ಪರೀಕ್ಷೆ ಹತ್ತಿರ ಬಂತೆಂದು ಮಾಸ್ತರು ಶನಿವಾರದ ಓದು ನಿಲ್ಲಿಸಿ ಆ ಪಿರಿಯಡ್ಡಿಗೂ ಗಣಿತ ತಂದರು.

"ಸರ್, ಮುಂದಿನ ಭಾಗ ಕೊಡ್ರಿ. ಹೊನ್ನಿ ಬಾಗಲಾ ಮುಂದ ನಿಂತಾಳ್ರಿ."

"ನಿಲ್ಲಲಿ ಬಿಡು. ಪರೀಕ್ಷಿ ಮುಗೀಲಿ."

"ಪರೀಕ್ಷಿ ಮುಗದ ಮ್ಯಾಲ ನಾ ಈ ಸಾಲ್ಯಾಗ ಇರಾಂಗಿಲ್ಲಲ್ರಿ!" ಅದು ನಿಜ. ಶಾಲೆ ಇರುವುದೇ ಏಳನೆಯ ತರಗತಿಯವರೆಗೆ.

"ಇಂಥಾ ಸುಳ್ಳ ಕಥಿ ಓದಿದ್ರ ತಲಿ ಕೆಡತೈತಿ. ಹೋಗು, ಗಣಿತ ಮಾಡು."

ಅವಳು ಹೋದಳು. ಮರುದಿನ ಬಂದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ನನ್ನನ್ನು ಅಂಗೈಯಲ್ಲಿ ಹಿಡಿದು, ಕಿವಿಯಲ್ಲಿ ಹೇಳುವಂತೆ ಪಿಸುಗುಟ್ಟಿದಳು: "ಮೊನ್ನಿ ಗಣಿತ ಟೆಸ್ಟಿನ್ಯಾಗ ಮಗ್ಗಲದಾಕಿದು ನೋಡಿ ಬರದೀನಿ. ಇದು ಖರೇ ಮಾತು. ಈಗರ ತಗಿ." ನಾನು ತೆಗೆಯಲಿಲ್ಲ. ತೆಗೆಯುವುದಿರಲಿ, ನನ್ನ ಸಂಶಯ ಇಮ್ಮಡಿಯಾಯಿತು. ಓಹೋ, ಇವಳು ನಕಲು ಬೇರೆ ಮಾಡುತ್ತಾಳೆ!

ಅದೇ ಹೊತ್ತಿಗೆ ಮುಖ್ಯೋಪಾಧ್ಯಾಯಿನಿ ಲೋಕಾಪುರ ಅಕ್ಕೋರು ಬಾಗಿಲಲ್ಲಿ ಬಂದು ನಿಂತಿದ್ದರು. "ಏ, ಕೀಲಿ ಕೂಡ ಏನ್ ಮಾಡಾಕತ್ತಿ?"

"ಏನಿಲ್ರಿ ಅಕ್ಕೋರ, ಮಾತಾಡಾಕತ್ತಿದ್ನಿ."

"ಕೀಲಿ ಕೂಡ?" ಅಕ್ಕೋರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಶಾಲೆಯಲ್ಲಿ ನನ್ನಂಥವರು ಇನ್ನೊಬ್ಬರಿದ್ದಾರೆಂದು ನನಗೆ ಸಮಾಧಾನವಾಯಿತು.

ಕೆಲವು ದಿನ ಕಳೆದ ಮೇಲೆ, ಒಂದು ಬುಧವಾರ, ಮಹಾನಂದಾ ಗಾಜಿಗೆ ಮೂಗು ಒತ್ತಿ ನೋಡಿದವಳು ಕೂಗಿಕೊಂಡಳು: "ಸರ್, ಎರಡನೇ ಭಾಗ ಇಲ್ರಿ!"

ಗುಗ್ಗರಿ ಮಾಸ್ತರು ತಮ್ಮ ಬಗಲಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡರು. "ಒಳಗ ಎಲ್ಲೋ ಇರಬೇಕು ಬಿಡು." ಆದರೆ ಕೂಗು ಕೇಳಿ ಅಕ್ಕೋರು ಬಂದುಬಿಟ್ಟಿದ್ದರು. ಕಪಾಟು ತೆರೆಸಿ ನನ್ನನ್ನು ತಮ್ಮ ಕೈಯಲ್ಲೇ ಹಿಡಿದುಕೊಂಡರು. ಎಲ್ಲ ಪುಸ್ತಕ ಇಳಿಸಿದರು. ಹಸಿರು ರಟ್ಟಿನದು ಇರಲಿಲ್ಲ.

"ಯಾರಿಗೂ ಗೊತ್ತಾಗಲಾರದ್ದು ನಿನಗ ಹ್ಯಾಂಗ ಗೊತ್ತಾತು?" ಎಂದು ಅಕ್ಕೋರು ಕೇಳಿದರು.

"ನಾ ದಿನಾ ನೋಡ್ತೀನಲ್ರಿ" ಎಂದಳು ಹುಡುಗಿ. ಆ ಉತ್ತರವೇ ಅವಳಿಗೆ ಮುಳುವಾಯಿತು. ದಿನಾ ನೋಡುವವಳು, ಬೀಗ ಹಿಡಿದು ನಿಂತವಳು, ಕೊಡಿರೆಂದು ಕಾಡಿದವಳು. ಪಿನ್ನು ಹಾಕಿ ತೆಗೆದಿರಬೇಕು ಎಂದು ಯಾರೋ ಅಂದರು. ಎಲ್ಲರ ಕಣ್ಣೂ ಅವಳ ಪಾಟಿಚೀಲದ ಮೇಲೆ. ಹುಡುಕಿದರು, ಸಿಗಲಿಲ್ಲ. "ಹಂಗಾರ ಮನ್ಯಾಗ ಇಟ್ಟಾಳ" ಎಂದರು. ಮಾಸ್ತರು ಹಣೆ ಒರೆಸಿಕೊಳ್ಳುತ್ತ, ಇಳಿಸಿದ ಪುಸ್ತಕಗಳನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದರು.

ನಾನಂತೂ ತಬ್ಬಿಬ್ಬಾದೆ. ಹುಡುಗಿ ಕಳ್ಳಿ, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಪಿನ್ನು? ನನ್ನ ಕಣ್ಣಲ್ಲಿ ಪಿನ್ನು ಹೊಕ್ಕರೆ ನನಗೆ ತಿಳಿಯುವುದಿಲ್ಲವೇ! ಹಾಗಾದರೆ ಪುಸ್ತಕ ಹೋದದ್ದು ಹೇಗೆ? ಕಪಾಟಿನ ಹಿಂಬದಿ ಹಲಗೆಯನ್ನು ಸಂಶಯಿಸಿದೆ. ಇಲಿಗಳನ್ನು ಸಂಶಯಿಸಿದೆ. ಬಾಗಿಲಿನ ಹಳೆಯ ತಿರುಗಣಿಗಳನ್ನೂ ಬಿಡಲಿಲ್ಲ. ಸಂಶಯಿಸದೆ ಬಿಟ್ಟದ್ದು ಒಂದನ್ನೇ.

ಮರುದಿನ ಕಸ್ತೂರೆವ್ವ ಬಂದಳು. ಕೂದಲಲ್ಲಿ ಇನ್ನೂ ನೂಲಿನ ಎಳೆಗಳಿದ್ದವು. "ನನ್ನ ಮಗಳು ಕಳ್ಳಿ ಅಲ್ರಿ ಅಕ್ಕೋರ" ಎಂದಳು. ಅಕ್ಕೋರು ಮಾತು ಬೆಳೆಸಲಿಲ್ಲ, ಪುಸ್ತಕ ತಂದಿಟ್ಟರೆ ಸಾಕು ಎಂದರು. ತಾಯಿ ಮಗಳ ಕಡೆ ತಿರುಗಿದಳು. "ಪುಸ್ತಕ ಸಿಕ್ಕು ನಿನ್ನ ಹೆಸರು ಚೊಕ್ಕ ಆದ್ರ ಹೈಸ್ಕೂಲಿಗೆ ಹೋಗು. ಇಲ್ಲಾಂದ್ರ ಸಾಲಿ ಸಾಕು, ನನ್ನ ಜೋಡಿ ಕಂಡಿಕಿ ಸುತ್ತಾಕ ಬಾ. ಕಳ್ಳಿ ಅನ್ನಿಸ್ಕೊಂಡು ಓದೂದು ಏನೈತಿ?" ಮಹಾನಂದಾ ನೆಲ ನೋಡುತ್ತ ನಿಂತಳು. ಅವಳು ಅಳಲಿಲ್ಲ, ಅದೇ ನನಗೆ ವಿಚಿತ್ರವಾಗಿ ಕಂಡಿತು. ಕಳ್ಳರು ಹೆಚ್ಚಾಗಿ ಅಳುತ್ತಾರೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಗುಗ್ಗರಿ ಮಾಸ್ತರು ಒಬ್ಬರೇ ಬಂದರು. ಆಚೀಚೆ ನೋಡಿ ನನ್ನನ್ನು ತೆರೆದರು. ಆಗ ಅಂಗಳದಲ್ಲಿ ಅಕ್ಕೋರ ಚಪ್ಪಲಿ ಸದ್ದು. ಮಾಸ್ತರು ಗಾಬರಿಯಾಗಿ ಬಾಗಿಲು ಮುಚ್ಚಿ, ಜೇಬಿನ ಬದಲು ನನ್ನನ್ನು ಬಗಲಚೀಲಕ್ಕೆ ಒಗೆದು, ಸರಸರ ಹೊರಟೇಬಿಟ್ಟರು. ನಾನು ಬಿದ್ದದ್ದು ಯಾವುದೋ ಗಟ್ಟಿ ವಸ್ತುವಿನ ಮೇಲೆ. ಹೊರಳಿ ನೋಡಿದೆ. ಹಸಿರು ರಟ್ಟು.

ಅಯ್ಯೋ ದೇವರೇ! ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಾನು ಜೀವಮಾನವೆಲ್ಲ ಕಾದು ಕೂತದ್ದು ಕೀಲಿಕೈ ಇಲ್ಲದ ಕೈಗಳನ್ನು.

ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಕುರ್ಚಿಗೆ ನೇತುಬಿದ್ದ ಚೀಲದ ತೆರೆದ ಬಾಯಿಂದ ಎಲ್ಲ ಕಂಡೆ. ಮಾಸ್ತರು ದಿನಪತ್ರಿಕೆ ಅಗಲಿಸಿ ಹಿಡಿದಿದ್ದರು, ಅದರೊಳಗೆ 'ಬಾವಿಯಡಿಯ ಊರು'. ಪುಟ ತಿರುವುವ ಆತುರ ನೋಡಬೇಕಿತ್ತು! ಒಮ್ಮೆ ಉಸಿರು ಬಿಗಿಹಿಡಿದರು, ಒಮ್ಮೆ "ಭಲೇ ಹುಡುಗಿ" ಅಂದರು. ಹೆಂಡತಿ ಶಾಂತವ್ವ ಚಹಾ ತಂದವಳು ನಿಂತು ನೋಡಿ, "ಪೇಪರ್ ತಲಿಕೆಳಗಾಗಿ ಹಿಡದೀರಿ" ಎಂದಳು. ಸುಳ್ಳು ಕಥೆಯೆಂದು ಮಕ್ಕಳನ್ನು ಬೈದವರು, ಅದರಲ್ಲಿ ಏನಿದೆ ನೋಡೋಣವೆಂದು ಒಯ್ದು, ಬಾವಿಯೊಳಗೆ ತಾವೇ ಬಿದ್ದಿದ್ದರು. ಈಗ ಹೇಳಲು ನಾಚಿಕೆ, ಶನಿವಾರ ಗುಟ್ಟಾಗಿ ಮರಳಿ ಇಡಲು ಬಂದರೆ ಅಕ್ಕೋರ ಚಪ್ಪಲಿ ಸದ್ದು. ಸಂಜೆ ಹೊತ್ತಿಗೆ ಮುಗಿಸಿ ಪುಸ್ತಕವನ್ನು ಚೀಲಕ್ಕೆ ಹಾಕುವಾಗ ಅವರ ಕೈಗೆ ನಾನು ಸಿಕ್ಕೆ. ಮುಖ ಬಿಳುಪೇರಿತು. ಕಪಾಟು ಬೀಗವಿಲ್ಲದೆ ನಿಂತಿತ್ತು!

ಸೋಮವಾರ ಓಡುತ್ತ ಶಾಲೆಗೆ ಹೋದರು. ಕಪಾಟಿನ ಬಾಗಿಲುಗಳಿಗೆ ಬೀಗ ಹಾಕುವ ಎರಡು ಬಳೆಗಳ ನಡುವೆ, ನನ್ನ ಜಾಗದಲ್ಲಿ, ಕೆಂಪು ರಿಬ್ಬನ್ನಿನ ಬಿಗಿಯಾದ ಗಂಟಿತ್ತು. ಪಕ್ಕದಲ್ಲಿ ಒಂದು ಜಡೆ ಬಿಚ್ಚಿದ ಮಹಾನಂದಾ ನಿಂತಿದ್ದಳು. ಅವಳ ಮುಂದೆ ಲೋಕಾಪುರ ಅಕ್ಕೋರು.

"ಈಗ ಕೀಲಿನ ಮುರದ್ಯಾ? ಎಲ್ಲಿ ಒಗದಿ ಅದನ್ನ?"

"ನಾ ಬಂದಾಗ ಕೀಲಿನ ಇರಲಿಲ್ರಿ. ಸಣ್ಣ ಹುಡುಗೂರು ಕೈ ಹಾಕ್ತಾರಂತ ಕಟ್ಟೀನ್ರಿ."

"ಕೇಳ್ರಿ ಗುಗ್ಗರಿಯವರ, ಎಂಥಾ ಕಥಿ ಕಟ್ಟತಾಳ!"

ನಾನು ಚೀಲದಲ್ಲಿದ್ದೆ. ಹುಟ್ಟಿದಂದಿನಿಂದ ಬಾಯಿ ಮುಚ್ಚಿಕೊಂಡು ಬಾಳಿದ ನನಗೆ ಅವತ್ತು ಮೊದಲ ಸಲ ಬಾಯಿ ಬಿಡಬೇಕೆನಿಸಿತು. ಬೀಗವಿಲ್ಲದ ಕಪಾಟಿನ ಮುಂದೆ, ಯಾರೂ ಇಲ್ಲದ ಹೊತ್ತಿನಲ್ಲಿ, ಆ ಹುಡುಗಿ ಬಾಗಿಲು ಕಟ್ಟಿ ಕಾದಿದ್ದಳು. ಅವಳನ್ನೇ ನಾನು ಕಳ್ಳಿ ಅಂದಿದ್ದೆ!

ಮಾಸ್ತರು ಚೀಲಕ್ಕೆ ಕೈ ಹಾಕಿದರು. ನನ್ನನ್ನು ತೆಗೆದರು. "ಕೀಲಿ ನನ್ನ ಕಡೆ ಐತ್ರಿ ಮೇಡಂ. ಶನಿವಾರ ಮರ್ತು ಮನಿಗೆ ಒಯ್ದಿದ್ನಿ." ಅಲ್ಲಿಗೇ ನಿಲ್ಲಿಸಬಹುದಿತ್ತು. ನನ್ನನ್ನು ಹಿಡಿದ ಅವರ ಕೈ ಬೆವರುತ್ತಿತ್ತು. ನಿಲ್ಲಿಸಿಬಿಡುತ್ತಾರೆ ಅಂದುಕೊಂಡೆ, ಮನುಷ್ಯರ ಕೈ ನನಗೆ ಗೊತ್ತಿಲ್ಲವೇ? ಆದರೆ ಅವರು ಇನ್ನೊಂದು ಸಲ ಕೈ ಹಾಕಿದರು. "ಪುಸ್ತಕಾನೂ ನನ್ನ ಕಡೇನ ಐತ್ರಿ. ನಾನ ಓದಾಕತ್ತಿದ್ನಿ. ಹೇಳಾಕ ನಾಚಿಕಿ ಆತು. ಈ ಹುಡುಗಿದು ಏನೂ ತಪ್ಪಿಲ್ಲ."

ಅಷ್ಟು ದಿನ ಅಳದವಳು ಈಗ ಅತ್ತಳು. "ಎಲ್ಲಾರೂ ಕಳ್ಳಿ ಅಂದಾಗ ನೀವು ಸುಮ್ನ ನಿಂತಿದ್ರೆಲ್ರಿ ಸರ್" ಎಂದಳು ಬಿಕ್ಕುತ್ತ. ಮಾಸ್ತರು ಅವಳ ಮುಂದೆ ಬಂದರು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ತಪ್ಪಾತವ್ವಾ. ತಗೋ, ಮನಿಗೆ ಒಯ್ದು ಓದು. ಆ ಹೊನ್ನಿ ಕಡಿಗೆ ಏನ್ ಮಾಡತಾಳಂದ್ರ..."

"ಹೇಳಬ್ಯಾಡ್ರಿ!" ಮಹಾನಂದಾ ಎರಡೂ ಕಿವಿ ಮುಚ್ಚಿಕೊಂಡಳು. ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಹಸಿಯಾಗಿತ್ತು.

ಸಂಜೆ ಮಾಸ್ತರು ಮಗ್ಗದ ಮನೆಗೆ ಹೋಗಿ ಕಸ್ತೂರೆವ್ವನಿಗೆ ಎಲ್ಲ ಹೇಳಿದರು. ನಾನು ಜೇಬಿನಲ್ಲಿದ್ದೆ. ಆಕೆ ಕೇಳಿ ಮುಗಿಸಿ, "ಖರೇ ಹೇಳಾಕ ಮಾಸ್ತರಿಗೂ ಇಷ್ಟ ದಿನಾ ಬೇಕೇನ್ರಿ?" ಎಂದಳು. ಆಮೇಲೆ ಮಗಳಿಗೆ ಹೈಸ್ಕೂಲಿನ ಅರ್ಜಿ ಎಲ್ಲಿ ಸಿಗುತ್ತದೆಂದು ಕೇಳಿದಳು.

ಆ ಕಪಾಟಿಗೆ ಮಾಸ್ತರು ಮತ್ತೆ ನನ್ನನ್ನು ಹಾಕಲಿಲ್ಲ. ಕೆಂಪು ರಿಬ್ಬನ್ನೇ ಉಳಿಯಿತು. ಮಕ್ಕಳು ಬೇಕಾದಾಗ ಬಿಚ್ಚುತ್ತಾರೆ, ಓದುತ್ತಾರೆ, ಕಟ್ಟುತ್ತಾರೆ. ನಾನು ಕಿಟಕಿಯ ಕಟ್ಟೆಯ ಮೇಲೆ, ಹಾಜರಿ ಹಾಳೆಗಳು ಹಾರದಂತೆ ಕೂತಿದ್ದೇನೆ. ಕೊಂಡಿಗೆ ತುಕ್ಕು ಹಿಡಿದಿದೆ. ಕೀಲಿಕೈ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

ಪರೀಕ್ಷೆ ಮುಗಿದ ದಿನ ಮಹಾನಂದಾ ಒಬ್ಬಳೇ ಬಂದಳು. ನಾನು ಅಭ್ಯಾಸಬಲದಿಂದ ಅವಳ ಕೈ ನೋಡುತ್ತಿದ್ದೆ. ರಿಬ್ಬನ್ ಬಿಚ್ಚಿ ಹಸಿರು ಪುಸ್ತಕವನ್ನು ಮೂರನೆಯ ಅರೆಯಲ್ಲಿಟ್ಟಳು, ಬೆನ್ನು ಸವರಿದಳು. ಬಾಗಿಲು ಮುಚ್ಚಿ ಗಂಟು ಹಾಕಿದಳು. ಹೊಸ್ತಿಲವರೆಗೆ ಹೋದಳು. ಏನೋ ನೆನಪಾದವಳಂತೆ ತಿರುಗಿ ಬಂದು, ಗಂಟನ್ನು ಮತ್ತೊಮ್ಮೆ ಜಗ್ಗಿ ನೋಡಿ ಹೋದಳು.