ಖಾಲಿ ಬಿಲ್ಲೆ

ಉಂಗುರ ಎದ್ದಿತ್ತು. ಆದರೆ ಪಕ್ಕದ ಬಿಲ್ಲೆಯ ಸುತ್ತಲೂ ಅಷ್ಟೇ ಅಗಲದ ಇನ್ನೊಂದು ಉಂಗುರ ಎದ್ದಿತ್ತು, ಅದು ಏಳಬಾರದಿತ್ತು. ಅವಳು ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಕನ್ನಡಕದ ತಪ್ಪೇನೂ ಇರಲಿಲ್ಲ.

ತಟ್ಟೆಯೊಳಗೆ ಹೆಪ್ಪುಗಟ್ಟಿದ್ದ ಅಗರ್ ಎಂಬ ಅಂಟಿನ ಮೇಲೆ, ಗಾಯದಲ್ಲಿ ಕೀವು ತುಂಬಿಸುವ ಬ್ಯಾಕ್ಟೀರಿಯಾ ತೆಳ್ಳಗೆ ಕೆನೆಗಟ್ಟಿದಂತೆ ಬೆಳೆದಿತ್ತು. ಅದರ ಮೇಲೆ ಅಂಗಿಯ ಗುಂಡಿಗಿಂತ ಚಿಕ್ಕದಾದ ಎರಡು ಕಾಗದದ ಬಿಲ್ಲೆಗಳು. ಒಂದನ್ನು ಅಪ್ಪನ ಅಂಗಡಿಯ ಕೆಂಪು ತೊಗಟೆಯ ಸಾರದಲ್ಲಿ ಅದ್ದಿದ್ದಳು. ಇನ್ನೊಂದನ್ನು, ಆ ಸಾರ ತೆಗೆಯಲು ಬಳಸಿದ ಬರೀ ಸ್ಪಿರಿಟ್‌ನಲ್ಲಿ. ಬ್ಯಾಕ್ಟೀರಿಯಾ ಸತ್ತ ಕಡೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ. ತೊಗಟೆಯ ಸಾರ ಸೋಕದ ಬಿಲ್ಲೆಯ ಸುತ್ತಲೂ ಅದು ಮೂಡಿದೆ ಎಂದರೆ, ಕೊಂದದ್ದು ಸ್ಪಿರಿಟ್. ತೊಗಟೆ ಪಕ್ಕದಲ್ಲಿ ಸುಮ್ಮನೆ ನಿಂತು ಹೆಸರು ಹೊಡೆದುಕೊಂಡಿತ್ತು.

"ಬಿಲ್ಲೆ ಒಣಗೋಕೆ ಬಿಟ್ಟಿದ್ದೆಯಾ?" ಪ್ರೊಫೆಸರ್ ಮೇಡಂ ಅವಳ ಭುಜದ ಹಿಂದಿನಿಂದ ಬಗ್ಗಿ ಕೇಳಿದರು.

"ಇಲ್ಲ ಮೇಡಂ. ಮೊದಲ ಸಲ ಹೇಗೆ ಮಾಡಿದ್ನೋ ಹಾಗೇ ಮಾಡಿದೆ. ಹಸಿಯಾಗೇ ಇಟ್ಟೆ."

"ಮೊದಲ ಸಲ ಈ ಖಾಲಿ ಬಿಲ್ಲೆ ಇಟ್ಟಿದ್ದೆಯಾ?"

ಇಡಬೇಕೆಂದು ಮೊದಲ ವರ್ಷದ ಹುಡುಗರಿಗೆ ಪಾಠ ಹೇಳುವವಳೇ ಅವಳು. "ನಮ್ಮಪ್ಪನ ತೊಗಟೆ ಅಲ್ವಾ ಅಂತ..." ಎಂದು ರಾಗ ಎಳೆದಳು.

"ಬ್ಯಾಕ್ಟೀರಿಯಾಕ್ಕೆ ನಿಮ್ಮಪ್ಪ ಯಾರು ಅಂತ ಗೊತ್ತಿರಲ್ಲ ಕಣಮ್ಮ," ಎಂದರು ಮೇಡಂ. ಆಮೇಲೆ ಅವಳ ಮುಖ ನೋಡಿ ಮೆತ್ತಗಾದರು. "ಸ್ಪಿರಿಟ್ ಪೂರ್ತಿ ಹಾರಿಹೋಗೋ ಹಾಗೆ ಒಣಗಿಸಿ ಇನ್ನೊಂದು ಸಲ ಮಾಡು. ಲೇಖನ ಕಳಿಸೋ ಮುಂಚೆ ಸಿಕ್ತಲ್ಲ, ಪುಣ್ಯ. ಇನ್ನೂ ಯಾರಿಗೂ ಗೊತ್ತಿಲ್ಲ ತಾನೇ?"

ಅವಳು ಗೊತ್ತಿಲ್ಲವೆಂಬಂತೆ ತಲೆಯಾಡಿಸಿದಳು. ಯಾರಿಗೂ ಗೊತ್ತಿಲ್ಲವೇ! ಒಂದು ಬೀದಿಗೆ ಬೀದಿಯೇ ಗೊತ್ತಿತ್ತು.

ಅಪ್ಪನದು ಬೇರು, ತೊಗಟೆ, ಒಣಗಿದ ಎಲೆಗಳ ಅಂಗಡಿ. ಒಳಗೆ ಕಾಲಿಟ್ಟರೆ ಮೊದಲು ಸೀನು, ಆಮೇಲೆ ಮಾತು. ಎದುರಿನ ಸಲೂನಿನವನು ಅಪ್ಪನಿಗೆ 'ಕಹಿ ಸಾಹುಕಾರ' ಎಂದು ಹೆಸರಿಟ್ಟು, ಬೀದಿಯವರೆಲ್ಲ ಅದನ್ನೇ ಖಾಯಂ ಮಾಡಿಬಿಟ್ಟಿದ್ದರು. ಅಪ್ಪನಿಗೆ ಅದರಿಂದ ಬೇಸರವಿರಲಿಲ್ಲ. ಬೇಸರವಿದ್ದದ್ದು ಔಷಧದಂಗಡಿಯ ಬಿಳಿ ಕೋಟಿನವರು ತನ್ನನ್ನು ಕಂಡು ನಗುವ ನಗೆಯ ಬಗ್ಗೆ. "ನನ್ನ ಮಗಳು ಓದ್ತಿದ್ದಾಳೆ, ತಾಳಿ" ಎಂದು ಆತ ವರ್ಷಗಳಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದ.

ಆದ್ದರಿಂದಲೇ ಮೊದಲ ಉಂಗುರ ಕಂಡ ದಿನ ಅವಳು ಕೈಗವಸನ್ನೂ ಬಿಚ್ಚದೆ ಪ್ರಯೋಗಾಲಯದ ಮೆಟ್ಟಿಲಿಗೆ ಓಡಿ ಮನೆಗೆ ಫೋನ್ ಮಾಡಿದ್ದಳು. ಆ ಕಡೆಯಿಂದ ಅಪ್ಪ ಮೂಗು ಸೀಟಿಕೊಂಡ ಸದ್ದು ಬಂತು. ಮುಂದಿನ ಸಲ ಊರಿಗೆ ಹೋದಾಗ ಅಂಗಡಿಯ ನೆತ್ತಿಯ ಮೇಲೆ ಹಸಿರು ಬೋರ್ಡು ನೇತಾಡುತ್ತಿತ್ತು: 'ಕೀವಾದ ಗಾಯಕ್ಕೆ ಕೆಂಪು ತೊಗಟೆ. ಪ್ರಯೋಗಾಲಯದಲ್ಲಿ ಸಾಬೀತು.'

"ಇನ್ನು ನನಗೇನು ಭಯ ಸಾಹುಕಾರ್ರೇ," ಎಂದು ಸಲೂನಿನವನು ಕತ್ತರಿ ಆಡಿಸುತ್ತ ಕೂಗಿದ್ದ. "ಯಾರ ಕೆನ್ನೆ ಕೊಯ್ದರೂ ನಿಮ್ಮ ಹತ್ರ ಕಳಿಸ್ತೀನಿ!" ಅಪ್ಪ ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ.

ಒಣಗಿಸಿದ ಬಿಲ್ಲೆಗಳು ಅವಳ ಮೇಲೆ ಕನಿಕರ ತೋರಲಿಲ್ಲ. ಖಾಲಿ ಬಿಲ್ಲೆಯ ಸುತ್ತ ಉಂಗುರವಿಲ್ಲ, ತೊಗಟೆಯ ಬಿಲ್ಲೆಯ ಸುತ್ತಲೂ ಇಲ್ಲ. ಬ್ಯಾಕ್ಟೀರಿಯಾ ಕಾಗದದ ಅಂಚಿನವರೆಗೂ ಬಂದು ಆರಾಮವಾಗಿ ಬೆಳೆದಿತ್ತು. ಮತ್ತೆ ಮಾಡಿದಳು, ಮತ್ತೆ ಅದೇ. ಹಟಕ್ಕೆ ಬಿದ್ದವಳಂತೆ ಇನ್ನೊಂದು ಪರೀಕ್ಷೆಯ ನೇರಳೆ ದ್ರಾವಣ ತಂದು, ಆಂಟಿ ಆಕ್ಸಿಡೆಂಟ್ ಗುಣವಾದರೂ ಇದ್ದು ಬಣ್ಣ ಹೋಗುತ್ತದೆಯೇ ನೋಡೋಣ ಎಂದು ಸಾರದ ಒಂದು ತೊಟ್ಟು ಬಿಟ್ಟಳು. ಈ ಸಲ ಪಕ್ಕದಲ್ಲಿ ಬರೀ ಸ್ಪಿರಿಟ್ ಬಿಟ್ಟ ನಳಿಕೆಯನ್ನೂ ಇಟ್ಟಿದ್ದಳು. ಅದು ನೇರಳೆಯಾಗಿಯೇ ಉಳಿಯಿತು. ತೊಗಟೆಯದು ನೋಡುನೋಡುತ್ತಲೇ ಬಣ್ಣ ಬಿಟ್ಟು ಹಳದಿಗೆ ತಿರುಗಿತು. ಅವಳಿಗೆ ಅಳುವೂ ಬಂತು, ನಗುವೂ ಬಂತು. ತೊಗಟೆಯಲ್ಲಿ ಏನೋ ಇತ್ತು, ಬೋರ್ಡಿನಲ್ಲಿ ಬರೆದದ್ದು ಮಾತ್ರ ಇರಲಿಲ್ಲ.

ಊರಿಗೆ ಹೋದ ಸಂಜೆ ಅಪ್ಪ ಗೋಣಿಚೀಲಗಳ ಬಾಯಿ ಕಟ್ಟುತ್ತಿದ್ದ. ಅವಳು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬಾಗಿಲಲ್ಲೇ ಕೈಕೊಟ್ಟಿತು.

"ಅಪ್ಪಾ, ನಮ್ಮ ತೊಗಟೆ ಬ್ಯಾಕ್ಟೀರಿಯಾನ ಕೊಲ್ಲಲ್ಲ. ನಾನೇ ತಪ್ಪು ಮಾಡಿದ್ದೆ."

ಅಪ್ಪ ಮೊದಲು ತಮಾಷೆ ಎಂದುಕೊಂಡ. ಅವಳು ಹಸಿ ಬಿಲ್ಲೆಯ ಕಥೆಯನ್ನೆಲ್ಲ ಬಿಡಿಸಿ ಹೇಳುತ್ತ ಹೋದಂತೆ, ಚೀಲದ ದಾರ ಹಿಡಿದ ಕೈ ಹಾಗೇ ನಿಂತಿತು.

"ನಮ್ಮಪ್ಪ ಕೊಡ್ತಿದ್ರು, ಅವರಪ್ಪ ಕೊಡ್ತಿದ್ರು. ಅವರೆಲ್ಲ ಜನಕ್ಕೆ ಟೋಪಿ ಹಾಕ್ತಿದ್ರು ಅಂತೀಯಾ?"

"ಹಾಗಲ್ಲ ಅಪ್ಪಾ. ನೀವು ಒಗರು ಅಂತೀರಲ್ಲ, ಅದೇ ಟ್ಯಾನಿನ್. ಅದು ಬೇಕಾದಷ್ಟಿದೆ. ಇನ್ನೊಂದು ಪರೀಕ್ಷೇಲಿ ಚೆನ್ನಾಗೇ ಬಂದಿದೆ. ಅದು ಯಾವುದಕ್ಕೆ ಉಪಯೋಗ ಅಂತ ಇನ್ನೂ ಹುಡುಕಬೇಕು. ಆದ್ರೆ ಕೀವಾದ ಗಾಯಕ್ಕೆ ಇದನ್ನ ನಂಬ್ಕೊಂಡು ಯಾರೂ ಕೂತ್ಕೋಬಾರದು. ಬೋರ್ಡ್ ತೆಗೀರಿ."

"ತೆಗೀಬೇಕಂತೆ," ಎಂದ ಅಪ್ಪ, ಅವಳಿಗಲ್ಲ, ಚೀಲಕ್ಕೆ. "ಅಷ್ಟು ಸುಲಭಾನಾ? ಕಂಡಕಂಡವರಿಗೆಲ್ಲ ಹೇಳ್ಕೊಂಡು ಓಡಾಡಿದೀನಿ. ಈಗ ಯಾವ ಮುಖ ಇಟ್ಕೊಂಡು ಅಂಗಡಿ ಬಾಗಿಲು ತೆಗೀಲಿ?"

ಊಟಕ್ಕೆ ಕೂತಾಗ ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ, ಕೇಳಿದರೆ ಇನ್ನೂ ಕೆಡುತ್ತದೆಂದು ತಿಳಿದು, ನಲ್ಲಿ ಸೋರುವ ವಿಷಯ ಮಾತಾಡಿದಳು. ಅಪ್ಪ ಕೈ ತೊಳೆದು ಎದ್ದು ಹೋದ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಬೋರ್ಡಿನ ಮಾತು ಬಿಡಿ, ಇನ್ನು ಮೇಲೆ ತಾನು ಏನು ಹೇಳಿದರೂ ಅಪ್ಪ ನಂಬುವುದಿಲ್ಲ ಎಂಬುದೇ ಅವಳನ್ನು ಹಿಂಡುತ್ತಿತ್ತು.

ಬೆಳಗ್ಗೆ ಅವಳು ಅಂಗಡಿಗೆ ಹೋದಾಗ ಬೋರ್ಡು ಇದ್ದಲ್ಲೇ ಇತ್ತು. ಅಪ್ಪ ಅದರ ಕೆಳಗೇ ಕೂತು ಯಾವುದೋ ಬೇರನ್ನು ಕುಟ್ಟುತ್ತಿದ್ದ, ಬೇಕಾದ್ದಕ್ಕಿಂತ ಜೋರಾಗಿ. ತಾನೇ ಸ್ಟೂಲು ಹಾಕಿಕೊಂಡು ಇಳಿಸಿಬಿಡುವುದೆಂದು ಅವಳು ಒಳಗೆ ಸ್ಟೂಲು ಹುಡುಕುತ್ತಿರುವಾಗ ಒಬ್ಬ ಗಾರೆ ಕೆಲಸದವನು ಕುಂಟುತ್ತ ಬಂದ. ಎತ್ತರದ ಆಳು. ಒಂದು ಪಾದಕ್ಕೆ ಹಳೇ ಬಟ್ಟೆ ಸುತ್ತಿದ್ದ.

"ಸಾಹುಕಾರ್ರೇ, ಆ ಕೆಂಪು ತೊಗಟೆ ಕೊಡಿ," ಎಂದ. "ಮೊಳೆ ಚುಚ್ಚಿದ್ದು. ನಿನ್ನೆಯಿಂದ ಮಂಡಿವರೆಗೂ ಎಳೀತಿದೆ. ಆಸ್ಪತ್ರೆಗೆ ಹೋಗು ಅಂತಾಳೆ ನಮ್ಮವಳು. ಬೋರ್ಡ್ ನೋಡಿದ್ಮೇಲೆ ಧೈರ್ಯ ಬಂತು. ಸಾಬೀತಾಗಿದೆಯಲ್ಲ."

ಅಪ್ಪನ ಕೈ ಅಭ್ಯಾಸಬಲದಿಂದ ಡಬ್ಬಿಯ ಕಡೆ ಹೋಯಿತು. ಒಳಗೆ ಅವಳು ಸ್ಟೂಲು ಹುಡುಕುವುದನ್ನು ಬಿಟ್ಟು ತಿರುಗಿ ನೋಡಿದಳು. ಎದುರಿನ ಸಲೂನಿನವನು ಗಿರಾಕಿಯ ಮುಖಕ್ಕೆ ನೊರೆ ಬಳಿದಿಟ್ಟು ಬಾಗಿಲಿಗೆ ಬಂದು ನಿಂತಿದ್ದ, ಬೀದಿಯಲ್ಲಿ ಏನು ನಡೆದರೂ ಅವನು ನೋಡಲೇಬೇಕು.

ಅಪ್ಪ ಡಬ್ಬಿ ಮುಟ್ಟಲಿಲ್ಲ. ಕೆಳಗಿಳಿದು ಬಂದು, ಮೆಟ್ಟಿಲ ಮೇಲೆ ಅವನನ್ನು ಕೂರಿಸಿ, ಬಟ್ಟೆಯ ಸುತ್ತು ಬಿಚ್ಚಿದ. ಪಾದ ಊದಿ ಹೊಳೆಯುತ್ತಿತ್ತು, ನಾತ ಅಂಗಡಿಯ ಒಳಗೂ ಬಂತು. ಅಪ್ಪ ಮುಖ ತಿರುಗಿಸಲಿಲ್ಲ.

"ಇದಕ್ಕೆ ತೊಗಟೆ ಆಗಲ್ಲಪ್ಪ."

"ಬೋರ್ಡ್‌ನಲ್ಲಿ ಹಾಕಿದೀರಲ್ಲ?"

"ಹಾಕಿದ್ದು ತಪ್ಪು." ಅಪ್ಪನ ದನಿ ಎದುರಿನ ಬಾಗಿಲಿಗೂ ಕೇಳುವಷ್ಟು ಎತ್ತರವಿತ್ತು. "ನನ್ನ ಮಗಳು ಇನ್ನೊಂದು ಸಲ ಪರೀಕ್ಷೆ ಮಾಡಿದ್ಲು. ಒಂದು ಸಲ ಅಲ್ಲ, ಮೇಲಿಂದ ಮೇಲೆ. ಕೀವಿಗೆ ಇದು ಕೆಲಸ ಮಾಡಲ್ಲ ಅಂತ ಅವಳೇ ಕಂಡುಹಿಡಿದಳು. ಕಂಡುಹಿಡಿದು, ಬಸ್ಸು ಹತ್ತಿ ಬಂದು ನನ್ನ ಮುಖಕ್ಕೇ ಹೇಳಿದಳು. ಯಾರ ಮಕ್ಕಳು ಹೇಳ್ತಾರೆ, ಹೇಳು?"

ಗಾರೆಯವನು ತನ್ನ ಊದಿದ ಪಾದ ನೋಡಿಕೊಂಡ. "ಹಂಗಾದ್ರೆ ಈಗ?" ಎಂದ.

"ಈಗ ಏಳು. ಕೈ ಕೊಡು."

ಅವನ ಉದ್ದನೆಯ ತೋಳನ್ನು ಅಪ್ಪ ತನ್ನ ಗಿಡ್ಡ ಹೆಗಲ ಮೇಲೆ ಎಳೆದುಕೊಂಡ. ನಾಲ್ಕು ಹೆಜ್ಜೆ ಹಾಕಿದ ಮೇಲೆ ನೆನಪಾದವನಂತೆ ತಿರುಗಿದ.

"ಅಂಗಡಿ ನೋಡ್ಕೊಳ್ಳೇ. ನಾನು ಇವನ್ನ ಡಾಕ್ಟ್ರ ಹತ್ರ ಬಿಟ್ಟು ಬರ್ತೀನಿ."

"ಯಾರಾದ್ರೂ ಬಂದ್ರೆ?"

"ನೀನಿಲ್ವಾ?" ಎಂದು ಗದರಿ, ಹೊರಟುಹೋದ.

ಅವಳು ಅಪ್ಪನ ಜಾಗದಲ್ಲಿ ಕೂತಳು. ಕಣ್ಣು ತುಂಬಿ ಬಂದದ್ದಕ್ಕೆ ಕುಟ್ಟಿದ ಬೇರಿನ ಘಾಟನ್ನು ದೂರಬಹುದಿತ್ತು. ಕಣ್ಣು ಒರೆಸಿಕೊಂಡು ನೋಡುತ್ತಾಳೆ, ಸಲೂನಿನವನು ಬೀದಿ ದಾಟಿ ಬರುತ್ತಿದ್ದಾನೆ. ಆಡಿಕೊಳ್ಳಲು ಇದಕ್ಕಿಂತ ಒಳ್ಳೇ ದಿನ ಅವನಿಗೆ ಸಿಗಲಾರದು. ಅವಳು ಸೆಟೆದು ಕೂತಳು.

ಅವನು ಬಂದು ನಿಂತ. ಚೀಲಗಳನ್ನು ನೋಡಿದ, ಡಬ್ಬಿಗಳನ್ನು ನೋಡಿದ. ಇಷ್ಟು ವರ್ಷದಲ್ಲಿ ಈ ಅಂಗಡಿಯಿಂದ ಅವನು ಒಂದು ಚಿಟಿಕೆ ಪುಡಿ ಒಯ್ದವನಲ್ಲ.

"ಅಲ್ಲಮ್ಮ," ಎಂದ, ದನಿ ತಗ್ಗಿಸಿ. "ದಿನವಿಡೀ ಸೋಪಿನ ನೀರಲ್ಲೇ ನಮ್ಮ ಕೆಲಸ. ಬೆರಳ ಸಂದಿಯೆಲ್ಲ ಬಿರುಕು ಬಿಡುತ್ತೆ, ಉರಿ. ಇದಕ್ಕೇನಾದ್ರೂ ಇದೆಯಾ? ಇಲ್ಲ ಅಂದ್ರೆ ಇಲ್ಲ ಅನ್ನು, ಪರವಾಗಿಲ್ಲ."

ಅವನು ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದ. ಅವಳು ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, ಬಾಗಿಲ ಬೆಳಕಿನ ಕಡೆ ತಿರುಗಿಸಿಕೊಂಡಳು.