ಅಪರಂಜಿ ಖಾನಾವಳಿಯ ಬೋರ್ಡು

ನಾನೊಂದು ಬೇವಿನ ಹಲಗೆ. ಗದಗಿನ ಹಳೆಯ ಮನೆಯೊಂದರಲ್ಲಿ ಬಹಳ ವರ್ಷ ಬಾಗಿಲಾಗಿದ್ದೆ. ಆ ಮನೆ ಕೆಡವಿದಾಗ ಬಡಗಿಯೊಬ್ಬ ನನ್ನನ್ನು ಕೊಯ್ದು, ಉಜ್ಜಿ, ನುಣುಪು ಮಾಡಿ, ಪೇಂಟರ್ ಹುಸೇನಸಾಬರಿಗೆ ಕೊಟ್ಟ. ಅವರು ಬಳಿದ ಹಸಿರು ಬಣ್ಣ ಒಣಗುವ ಹೊತ್ತಿಗೆ ಗುರುಶಾಂತವ್ವ ಬಂದಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳು ಖಾನಾವಳಿ ತೆರೆಯುವವಳಿದ್ದಳು.

"ಏನ್ ಹೆಸರು ಬರೀಲಿ ಅಕ್ಕಾರ?"

"ಅಪರಂಜಿ ಅಂತ ಬರೀರಿ. ನಮ್ಮತ್ತಿ ಯಾರನ್ನೂ ಹೊಗಳಿದಾಕಿ ಅಲ್ಲ. ಜೀವಾ ಹೋಗೋ ಮುಂದ ನನ್ನ ಕೈ ಹಿಡದು, 'ನೀ ಅಪರಂಜಿ ಅದೀಯವಾ' ಅಂದ್ಲು. ಛಲೋ ಮಾತಂತ ಗೊತ್ತು. ಅರ್ಥ ಏನ್ರೀ?"

"ಅದು ಚಿನ್ನದ ಮಾತ್ರೀ. ಮತ್ತ ಮತ್ತ ಬೆಂಕ್ಯಾಗ ಕಾಸಿ, ಬೆರಕಿ ಎಲ್ಲಾ ಹೋದ ಮ್ಯಾಲ ಉಳಿಯೋ ಚಿನ್ನಕ್ಕ ಅಪರಂಜಿ ಅಂತಾರ. ಒಂಚೂರೂ ಕಲಬೆರಕಿ ಇಲ್ಲದ್ದು. ಮನಸ್ನ್ಯಾಗ ಹೊಲಸ ಇಲ್ಲದ ಮನಷ್ಯಾರಿಗೂ ಹಂಗ ಅಂತಾರ."

ಗುರುಶಾಂತವ್ವ ಗಾಬರಿಯಾದಳು. "ಹಂಗಾದ್ರ ಬ್ಯಾಡ ಬಿಡ್ರಿ. ಸಾರಿಗೆ ಉಪ್ಪ ಹೆಚ್ಚಾದ್ರ ಮಂದಿ ನಗ್ತಾರ."

"ನಿಮ್ಮತ್ತಿ ಉಪ್ಪ ನೋಡಿ ಅಂದಿರಲಿಕ್ಕಿಲ್ಲ," ಎಂದು ಹುಸೇನಸಾಬರು ಕುಂಚ ಅದ್ದಿಯೇ ಬಿಟ್ಟರು.

ನಾನು ಬಾಗಿಲ ಮೇಲೇರಿದೆ. ಮೊದಮೊದಲು ಜನ, "ಇಲ್ಲಿ ಬಂಗಾರ ಮಾರ್ತೀರೇನು?" ಎಂದು ಚೇಷ್ಟೆ ಮಾಡುತ್ತಿದ್ದರು. ಗುರುಶಾಂತವ್ವ ಮಸಾಲೆ ತುಂಬಿ ಮಾಡಿದ ಬದನೆಕಾಯಿ ಎಣಗಾಯಿ ರುಚಿ ನೋಡಿದ ಮೇಲೆ ಮಾತು ಬದಲಾಯಿತು. ಆ ಓಣಿಯಲ್ಲಿ ಚಂದ ಹೊಲಿದ ಅಂಗಿಯೂ ಅಪರಂಜಿ, ಸರಿಯಾಗಿ ಕುದಿದ ಚಹಾವೂ ಅಪರಂಜಿ.

ದಿನವೂ ಊಟಕ್ಕೆ ಬರುತ್ತಿದ್ದವರಲ್ಲಿ ಕಲ್ಲಪ್ಪ ಹೂಗಾರರೂ ಒಬ್ಬರು, ನಿವೃತ್ತ ಕಂಡಕ್ಟರ್. ಒಂದು ದಿನ ತಡವಾಗಿ ಬಂದು, ಒಂದೆರಡು ತುತ್ತು ತಿನ್ನುವಷ್ಟರಲ್ಲಿ ಮೈಯೆಲ್ಲ ಬೆವತು ಗೋಡೆಗೆ ಒರಗಿಬಿಟ್ಟರು. ಕಣ್ಣುಗಳು ತೇಲುತ್ತಿದ್ದವು. ಅತ್ತೆಗೆ ಹೀಗಾದಾಗ ಮಾಡುತ್ತಿದ್ದ ರೂಢಿಯಂತೆ ಗುರುಶಾಂತವ್ವ ಬೆಲ್ಲದ ನೀರು ಕಲಸಿ ಗುಟುಕು ಗುಟುಕಾಗಿ ಕುಡಿಸಿದಳು. ಯಾರೋ ಆಟೋ ತಂದು ಅವರನ್ನು ಆಸ್ಪತ್ರೆಗೆ ಒಯ್ದರು.

"ಊಟದಾಗ ಏನೋ ಬಿದ್ದಿತ್ತಂತ!" ಎಂಬ ಸುದ್ದಿ ಆಟೋಗಿಂತ ಬೇಗ ಓಡಿತು. ಸಂಜೆ ಊಟಕ್ಕೆ ಯಾರೂ ಬರಲಿಲ್ಲ. ಗುರುಶಾಂತವ್ವ ಪಾತ್ರೆಗಳನ್ನೆಲ್ಲ ಮೂಸಿ ನೋಡಿದಳು, ಹಿಟ್ಟನ್ನು ಮತ್ತೆ ಜರಡಿ ಹಿಡಿದಳು. ಕೊನೆಗೆ ಸ್ಟೂಲು ಹತ್ತಿ ನನ್ನನ್ನು ಇಳಿಸಿ, ಮುಖ ಗೋಡೆಗೆ ಮಾಡಿ ನಿಲ್ಲಿಸಿದಳು. "ಈ ಹೆಸರಿಗೆ ನಾ ತಕ್ಕಾಕಿ ಅಲ್ಲ," ಎಂದಳು. ಮರುದಿನ ಒಲೆ ಹೊತ್ತಲಿಲ್ಲ. ಅದರ ಮರುದಿನವೂ ಇಲ್ಲ.

ಆಮೇಲೊಂದು ಮಧ್ಯಾಹ್ನ ಪರಿಚಿತ ಕೆಮ್ಮು ಕೇಳಿಸಿತು.

"ಬೋರ್ಡ್ ಎಲ್ಲಿ ಹೋತ ತಂಗಿ?"

ಹೂಗಾರರು! ಗುರುಶಾಂತವ್ವ ಬಾಗಿಲಿಗೆ ಓಡಿದಳು. "ಅಣ್ಣಾರ, ನನ್ನ ಊಟದಿಂದ..."

"ಊಟದ್ದೇನೂ ತಪ್ಪಿಲ್ಲವಾ. ಸಕ್ಕರಿ ಬ್ಯಾನಿ ಗುಳಿಗಿ ನುಂಗಿ, ಉಪಾಸ ಬಿಸಲಾಗ ಅಡ್ಡಾಡಿದ್ದೆ. ಸಕ್ಕರಿ ಪೂರಾ ಇಳದಿತ್ತಂತ. ಡಾಕ್ಟರ್ ಬೈದ್ರು ನೋಡು! 'ಬೆಲ್ಲದ ನೀರು ಕುಡಿಸಿದಾಕಿ ನಿನ್ನ ಉಳಿಸ್ಯಾಳ' ಅಂದ್ರು."

ಅವಳು ಹೊಸ್ತಿಲ ಮೇಲೆ ಕುಸಿದು ಅತ್ತಳು. ಎಷ್ಟೋ ಹೊತ್ತು ಅತ್ತು, ಮೂಗು ಒರೆಸಿಕೊಂಡು, "ಊಟಕ್ಕ ಏನ್ ಮಾಡ್ಲಿ?" ಎಂದಳು. "ಮೊದ್ಲ ಬೋರ್ಡ್ ಏರಸು," ಎಂದು ಹೂಗಾರರೇ ಸ್ಟೂಲು ಹಿಡಿದು ನಿಂತರು. ಅವರ ಮಾತು ಕೇಳಿ ಹೊರಗೆ ನೆರೆದಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದು ಮಣೆ ಹಾಕಿಕೊಂಡರು.

ಈಗ ಖಾನಾವಳಿ ಅವಳ ಸೊಸೆಯದು. ಬಾಗಿಲ ಮೇಲೆ ದೀಪದ ಹೊಸ ಬೋರ್ಡು ಬಂದಿದೆ, ಹೆಸರು ಮಾತ್ರ ಅದೇ. ನಾನು ಅಡುಗೆಮನೆಯಲ್ಲಿ ಗೋಡೆಗೆ ಜಡಿದ ಶೆಲ್ಫು. ಅಕ್ಷರಗಳು ಅಳಿಸಿಹೋಗಿವೆ. ಅಂಥ ದೊಡ್ಡ ಮಾತನ್ನು ಮೈಮೇಲೆ ಹೊತ್ತಷ್ಟು ದಿನ, ಅದಕ್ಕೆಲ್ಲಿ ಕಲೆ ತಗಲುವುದೋ ಎಂದು ನನಗೂ ಅಳುಕಿತ್ತು. ಈಗ ಆ ಚಿಂತೆಯಿಲ್ಲ. ಗುರುಶಾಂತವ್ವ ಈಗಲೂ ಒಲೆಯಿಂದ ಇಳಿಸಿದ ಬಿಸಿ ರೊಟ್ಟಿಯ ಬುಟ್ಟಿಯನ್ನು ತಂದು ನನ್ನ ಮೇಲಿಡುತ್ತಾಳೆ. ಮುದಿ ಮೈಗೆ ಆ ಬಿಸಿ ಹಿತವಾಗಿರುತ್ತದೆ.