ಲೂಸಿ ಮೇ ನೀರು ಕುಡಿದದ್ದು

ಐಲ್ಸಾ ಶವಸಂಸ್ಕಾರಕ್ಕೆಂದು ಉಟ್ಟ ಕಪ್ಪು ಉಡುಪಿನಲ್ಲೇ ದೋಣಿಯೊಳಗೆ ನಿಂತು, ನೀರು ಹೊರಹಾಕುವ ಕೈಪಂಪು ಒತ್ತುತ್ತಿದ್ದಳು. ನೀರು ಇನ್ನೂ ಮೊಣಕಾಲುದ್ದವಿತ್ತು. ದಡದಲ್ಲಿ ಅವಳಪ್ಪ ಆಸ್ಕರ್ ಪೆಟ್ಟಿಗೆಯೊಳಗೆ ಮಲಗಿದ್ದ. ಹ್ಯೂನ್ ನದಿಯಾಚೆಯ ಇಗರ್ಜಿಗೆ ತನ್ನನ್ನು ಲೂಸಿ ಮೇ ದೋಣಿಯಲ್ಲೇ ಒಯ್ಯಬೇಕೆಂದು ಹೇಳಿ ಸತ್ತಿದ್ದ. ಅವನೇ ಕಟ್ಟಿದ ಮೀನುದೋಣಿ ಅದು. ಹನ್ನೊಂದು ವರ್ಷ ದಡದ ಮೇಲೆ ಒಣಗಿ, ಹಲಗೆಗಳ ಸಂದಿನಲ್ಲಿ ಬೆಳಕು ತೂರುತ್ತಿತ್ತು. ಮೂರು ದಿನದ ಹಿಂದೆ ಐಲ್ಸಾ ಅದನ್ನು ದಡದಂಚಿನ ಆಳವಿಲ್ಲದ ನೀರಿಗೆ ತಳ್ಳಿ, ಬೇಕೆಂದೇ ಮುಳುಗಲು ಬಿಟ್ಟಿದ್ದಳು.

“ಮುಳುಗಿದ ದೋಣೀಲಿ ಅಪ್ಪನ್ನ ಸಾಗಿಸ್ತೀಯಾ? ಒಂದೇ ವಾರದಲ್ಲಿ ಎರಡು ಸಲ ಸಾಯಿಸ್ಬೇಡ ಕಣೇ,” ಅಂದ ಅಣ್ಣ ಮರ್ವ್. ಶವದ ಕಾರನ್ನು ಅವನು ರಸ್ತೆಯಲ್ಲಿ ತಯಾರಾಗಿಯೇ ಇಟ್ಟಿದ್ದ.

“ದಾಟಿದ್ರೆ?”

“ದಾಟಿದ್ರೆ ದೋಣೀನೂ ನಿಂದೇ, ದೋಣಿ ಕಟ್ಟೋ ಶೆಡ್ಡೂ ನಿಂದೇ. ಮಾರೋ ಮಾತೇ ಎತ್ತಲ್ಲ. ಇಲ್ದಿದ್ರೆ ನಾಳೆ ಈ ದೋಣಿ ಸೌದೆ.”

“ಊರೆಲ್ಲ ಕೇಳಿಸ್ಕೊಂಡಿದೆ, ನೆನಪಿರ್ಲಿ,” ಅಂದಳು ಐಲ್ಸಾ, ದಡದಲ್ಲಿ ನೆರೆದವರತ್ತ ಕೈ ತೋರಿ.

ಸಂದುಗಳಲ್ಲಿ ನೀರು ಇನ್ನೂ ಜಿನುಗುತ್ತಿತ್ತು. ಮರ್ವ್‌ಗೇ ತಡೆಯಲಾಗಲಿಲ್ಲ. ಸಂದಿಗೆ ತುಂಬುವ ಹತ್ತಿಯ ಹುರಿ, ಸುತ್ತಿಗೆ ಹಿಡಿದು ಬಂದ. “ಅಪ್ಪನ ಮರ್ಯಾದೆಗಾದ್ರೂ ಬಿಗಿಯಾಗಿ ಜಡಿದುಬಿಡ್ಲಾ?”

“ಮುಟ್ಟಿದ್ರೆ ನೋಡು!”

*

ಹತ್ತೊಂಬತ್ತರ ವಯಸ್ಸಿನಲ್ಲಿ ಐಲ್ಸಾ ಒಣ ದೋಣಿಯೊಂದರ ಸಂದುಗಳಿಗೆ ಹತ್ತಿ ಜಡಿದು ಜಡಿದು ತುಂಬಿ ಬೀಗಿದ್ದಳು. ನೀರಿಗಿಳಿದ ಮೇಲೆ ಹಲಗೆಗಳು ಉಬ್ಬಿದವು. ಉಬ್ಬಲು ಜಾಗ ಸಾಲದೆ ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಪಕ್ಕೆಮರಗಳೇ ಸೀಳಿಹೋದವು. ಆಸ್ಕರ್ ಬೈಯಲಿಲ್ಲ. ಮುರಿದದ್ದನ್ನೆಲ್ಲ ಅವಳ ಕೈಯಿಂದಲೇ ಹೊಸದಾಗಿ ಹಾಕಿಸಿದ. ಇಡೀ ಚಳಿಗಾಲ ಹಿಡಿಯಿತು.

“ಮರಕ್ಕೆ ಬಾಯಾರಿದೆ ಮಗಳೇ, ಕುಡಿಯೋಕೆ ಬಿಡು,” ಅಂದಿದ್ದ. “ಅದರ ಕೆಲಸಾನ ನೀನು ಮಾಡೋಕೆ ಹೋಗ್ಬೇಡ.”

*

ಹನ್ನೊಂದು ಗಂಟೆಗೆ ಭರತ ಬಂದು ನದಿಯ ನೀರು ಏರಿತು. ದೋಣಿಯೊಳಗೆ ನೀರು ಮುಗಿದು ಪಂಪು ಗಾಳಿ ಎಳೆದು ಗೊರಗೊರ ಅಂದಿತು. ಐಲ್ಸಾ ಬಗ್ಗಿ ಹಲಗೆಗಳನ್ನು ಸವರಿದಳು. ಜಿನುಗು ನಿಂತಿತ್ತು. ಲೂಸಿ ಮೇ ಒಮ್ಮೆ ಓಲಾಡಿ, ನೆಲ ಬಿಟ್ಟು ಎದ್ದಿತು. ಶವಸಂಸ್ಕಾರದ ದಿನವೆಂಬುದನ್ನೂ ಮರೆತು ದಡದವರೆಲ್ಲ ಕೇಕೆ ಹಾಕಿದರು. ಐಲ್ಸಾಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮರ್ವ್ ಸೇರಿ ಆರು ಮಂದಿ ಬರಿಗಾಲಲ್ಲೇ ಪೆಟ್ಟಿಗೆ ಹೊತ್ತು, ಹೆಜ್ಜೆಹೆಜ್ಜೆಗೂ ಅನುಮಾನಪಡುತ್ತಲೇ ದೋಣಿ ಹತ್ತಿದರು. ಐಲ್ಸಾ ಹಾಯಿ ಏರಿಸಿದಳು.

ನಡುನದಿಯಲ್ಲಿ ಮರ್ವ್ ಕಾಲಡಿಯ ಹಲಗೆ ಎತ್ತಿ ತಳ ನೋಡಿದ. ಹನಿ ನೀರೂ ಒಳಬಂದಿರಲಿಲ್ಲ. ನಂಬಿಕೆ ಬಾರದೆ ಇನ್ನೊಮ್ಮೆ ನೋಡಿದ. ಆಮೇಲೆ ಅಪ್ಪನ ಪಕ್ಕ ಕೂತು, ಮಡಚಿದ್ದ ಪ್ಯಾಂಟು ಕೆಳಗಿಳಿಸಿ, ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಬೂಟುಗಳನ್ನು ತೆಗೆದು, ಕಾಲುಚೀಲ ಹಾಕಿಕೊಳ್ಳತೊಡಗಿದ. ಅವನನ್ನು ನೋಡಿ ಉಳಿದ ಐವರೂ ಒಬ್ಬೊಬ್ಬರಾಗಿ ಬೂಟು ಹಾಕಿಕೊಂಡರು.